ತೇಲುವ ಕೆಲಸ

ಆ ಊರು ಮೊದಲು ದುಡಿಯುವುದನ್ನು ಕಲಿಯಿತು, ಆಮೇಲೆ ಸುಮ್ಮನೆ ಕೂರುವುದನ್ನು. ಎರಡನೆಯದೇ ಕಷ್ಟವಾಯಿತು.

ದುಡಿಮೆ ಬಂದದ್ದು ನೀರಿನ ಕಡೆಯಿಂದ. ಹೊರಗಿನವರು ಅದನ್ನು ಸರೋವರ ಎನ್ನುತ್ತಿದ್ದರು. ಊರವರಿಗೆ ಅದು ಬರೀ ನೀರು. 'ನೀರು ಎದ್ದಿದೆಯಾ?' ಎಂದು ಬೆಳಿಗ್ಗೆ ಕೇಳುವರು, ಮನೆಯ ಹಿರಿಯರನ್ನು ವಿಚಾರಿಸಿದ ಹಾಗೆ. ಅದರ ತಳದ ಕೆಸರಿನಲ್ಲಿ ಅಂಗೈಯಗಲದ ಚಿಪ್ಪುಗಳು ಬಾಯಿ ತೆರೆದುಕೊಂಡು ಮಲಗಿರುತ್ತಿದ್ದವು. ಎಲ್ಲಿಂದಲೋ ಬಂದವನೊಬ್ಬ ಒಂದು ಚಿಪ್ಪಿನ ಒಳಮೈಯ ಹೊಳಪು ನೋಡಿ, ಅದರಿಂದ ಅಂಗಿಗೊಂದು ಗುಂಡಿ ಕೊರೆದುಕೊಂಡು, ದಿನವಿಡೀ ಅದನ್ನೇ ಹಾಕುತ್ತ ತೆಗೆಯುತ್ತ ದಡದಲ್ಲಿ ಕೂತಿದ್ದನಂತೆ. ಗುಂಡಿ ಕಾರ್ಖಾನೆ ಶುರುವಾದದ್ದು ಹಾಗೆ ಎಂದು ಹೇಳುತ್ತಾರೆ. ಗುಂಡಿ ಕೊರೆದ ಮೇಲೆ ಉಳಿಯುವ ತೂತುತೂತು ಚಿಪ್ಪನ್ನು ಗಾಡಿಗಟ್ಟಲೆ ತಂದು ಬೀದಿಗೆ ಸುರಿಯುತ್ತಿದ್ದರು. ಹಾಗಾಗಿ ಊರಿನ ಬೀದಿಗಳೆಲ್ಲ ಬಿಳಿ. ಬಿಸಿಲಿನಲ್ಲಿ ನಡೆದರೆ ಕಣ್ಣು ಕೋರೈಸುವುದು, ಕಾಲ ಕೆಳಗೆ ಹಪ್ಪಳ ಮುರಿದ ಸದ್ದು. ಗುಂಡಿ ಮಾಡಿಯೇ ಗುಂಡಿ ಮುಚ್ಚುವ ಊರು ಲೋಕದಲ್ಲಿ ಇದೊಂದೇ ಎಂದು ಗಾಡಿಯವರು ನಗುತ್ತಿದ್ದರು.

ಚಿಪ್ಪು ತೆಗೆಯುವ ಕೆಲಸಕ್ಕೆ ಅಲ್ಲಿಯವರಿಟ್ಟ ಹೆಸರು 'ತೇಲೋದು.' ಕೆಲಸ ಮಾಡುವವರು ತೇಲೋರು. ದೋಣಿಯನ್ನು ನೀರಿನ ನಡುವೆ ಒಯ್ದು, ಗಾಳಿಗೆ ಅಡ್ಡಲಾಗಿ ನಿಲ್ಲಿಸಿ, ಒಂದು ಉದ್ದನೆಯ ಸಲಾಕೆಯನ್ನು ಹಗ್ಗ ಕಟ್ಟಿ ತಳಕ್ಕೆ ಬಿಡಬೇಕು. ಸಲಾಕೆಯ ಮೈತುಂಬ ತಂತಿಯ ಕೊಕ್ಕೆಗಳು. ಗಾಳಿ ದೋಣಿಯನ್ನು ಮೆಲ್ಲಗೆ ಅಡ್ಡಡ್ಡ ತಳ್ಳುತ್ತದೆ, ಸಲಾಕೆ ಕೆಸರನ್ನು ಸವರುತ್ತ ಹಿಂದೆ ಬರುತ್ತದೆ. ಬಾಯಿ ತೆರೆದ ಚಿಪ್ಪಿಗೆ ಕೊಕ್ಕೆ ತಾಗಿದರೆ ಸಾಕು, ಅದು ಫಕ್ಕನೆ ಬಾಯಿ ಮುಚ್ಚಿ ಕೊಕ್ಕೆಯನ್ನೇ ಕಚ್ಚಿ ಹಿಡಿಯುತ್ತದೆ. ಆಮೇಲೆ ಮೇಲೆಳೆಯುವುದು. ಎಳೆಯುವಾಗ ಹೆಗಲು ಕಿತ್ತು ಬರುತ್ತದೆ. ಸಂಜೆ ದಡದಲ್ಲಿ ಎದುರಾದವರು 'ಇವತ್ತು ತೇಲಿದ್ಯಾ?' ಎಂದು ಕೇಳಿದರೆ, ಈ ದಿನ ಮೈ ಮುರಿದು ದುಡಿದೆಯಾ ಎಂದೇ ಅರ್ಥ.

ಹಾಗೆ ತೇಲುವವನೊಬ್ಬನ ಮಗಳು ಕಾರ್ಖಾನೆಯಲ್ಲಿ ಗುಂಡಿ ಆರಿಸುತ್ತಿದ್ದಳು. ಅವಳನ್ನು ಎಲ್ಲರೂ ಕಿಟಕಿ ಎಂದು ಕರೆಯುತ್ತಿದ್ದರು. ಕೂರುತ್ತಿದ್ದದ್ದು ಕಿಟಕಿಯ ಪಕ್ಕ. ಮಾತನಾಡಿಸಿದರೆ ನೋಡುತ್ತಿದ್ದದ್ದೂ ಕಿಟಕಿಯನ್ನೇ. ಮುಂದಿನ ಮೇಜಿನ ಮೇಲೆ ಕಪ್ಪು ಬಟ್ಟೆ, ಬಟ್ಟೆಯ ಮೇಲೆ ಗುಂಡಿಗಳ ರಾಶಿ. ಅದರಿಂದ ಒಂದೊಂದನ್ನೇ ಬೆಳಕಿಗೆ ಹೊರಳಿಸಿ ಹೊಳಪು ನೋಡಿ ಬೇರೆ ಮಾಡಬೇಕು. ಕಾರ್ಖಾನೆಯವರು ಹೊಳಪಿಗೆ ಮೊದಲ ದರ್ಜೆ, ಎರಡನೆಯ ದರ್ಜೆ ಎಂದು ಹೆಸರಿಟ್ಟಿದ್ದರು. ಅವಳು ತನ್ನೊಳಗೇ ಬೇರೆ ಹೆಸರಿಟ್ಟುಕೊಂಡಿದ್ದಳು: ಬೆಳಗು, ಹಾಲು, ಮೋಡ, ಸಂಜೆ. ಕಿಟಕಿಯಾಚೆ ನೀರು ಆ ನಾಲ್ಕೂ ಬಣ್ಣಗಳಿಗೆ ಒಂದಾದ ಮೇಲೊಂದರಂತೆ ತಿರುಗುವುದನ್ನು ನೋಡುತ್ತ ಕೂತರೆ, ಕೆಲಸ ಮಾಡುತ್ತಿರುವುದು ತನ್ನ ಕೈಯೋ ನೀರೋ ಎಂಬುದು ಅವಳಿಗೆ ಮರೆತುಹೋಗುತ್ತಿತ್ತು.

ಸುದ್ದಿ ತಂದವಳು ಜರಡಿ ಅಕ್ಕ. ಗುಂಡಿಗಳನ್ನು ಗಾತ್ರಕ್ಕೆ ತಕ್ಕಂತೆ ಜರಡಿ ಹಿಡಿಯುವ ಅವಳು ಆ ಕೋಣೆಗೆ ಹಿರಿಯಳು; ಸುದ್ದಿಯನ್ನೂ ಹಾಗೇ ಜರಡಿ ಹಿಡಿದು ಹೇಳುತ್ತಿದ್ದಳು.

"ಕಾರ್ಖಾನೆ ಎತ್ತಾರಂತೆ ಕಣೇ. ಇಲ್ಲಿ ಇನ್ನು ಚಿಪ್ಪಿಲ್ಲ. ದೂರದ ಯಾವುದೋ ಹೊಳೆ ದಂಡೇಲಿ ಬೇಕಾದಷ್ಟಿದೆಯಂತೆ. ಯಂತ್ರ, ಜರಡಿ, ನಾವು, ಎಲ್ಲಾ ಗಾಡಿ ಮೇಲೆ."

"ನಾವೂನಾ?" ಎಂದಳು ಕಿಟಕಿ.

"ಅಯ್ಯೋ, ಮಾತಾಡಿದ್ಲು! ಹೂಂ, ನಾವೂ. ಬರೋರಿಗೆ ಮನೆ ಕೊಡ್ತಾರೆ. ಬರದೇ ಇರೋರು ಇಲ್ಲೇ ಕೂತು ಬೀದಿ ಚಿಪ್ಪು ಎಣಿಸ್ಬೇಕು ಅಷ್ಟೆ."

"ಆ ಹೊಳೆ ಚಿಪ್ಪು ಹೇಗಿರುತ್ತೆ ಅಕ್ಕಾ?"

"ಕಂದು. ಎಲ್ಲಾ ಒಂದೇ ಥರ. ಆರಿಸೋ ಗೋಜೇ ಇಲ್ಲ, ನಿಂಗೆ ಸುಖ."

ಕಿಟಕಿ ಕಪ್ಪು ಬಟ್ಟೆಯಿಂದ ಒಂದು ಗುಂಡಿ ಎತ್ತಿ ಮತ್ತೆ ಮತ್ತೆ ಬೆಳಕಿಗೆ ಹೊರಳಿಸಿದಳು.

ತಾಯಿ ಹೋದ ಮೇಲೆ ಮನೆಯಲ್ಲಿ ಅಪ್ಪ, ಮಗಳು ಇಬ್ಬರೇ. ಅಪ್ಪ ಸುದ್ದಿ ಕೇಳಿ, "ಹೊಳೆ ಅಂದ್ರೂ ನೀರು ತಾನೇ, ಹೋಗೋಣ ಬಿಡು" ಎಂದ. ಅಂದವನು ಊಟದ ತಟ್ಟೆ ಸರಿಸಿ ದಡಕ್ಕೆ ಹೋಗಿ, ಎಲ್ಲೂ ಸೋರದ ದೋಣಿಯ ಸಂದುಗಳಿಗೆ ನಾರು ತುರುಕುತ್ತ ಕೂತ. ಕಿಟಕಿ ಬಾಗಿಲಲ್ಲಿ ನಿಂತು ಅವನ ಬೆನ್ನನ್ನೂ ಬೆನ್ನಿನಾಚೆಯ ನೀರನ್ನೂ ನೋಡಿದಳು. ಅಪ್ಪನಿಗೆ ಇಲ್ಲೇ ಇನ್ನೊಂದು ಕೆಲಸ ಸಿಕ್ಕರೆ ಹೋಗಬೇಕಾಗಿಲ್ಲ. ಸಿಗದಿದ್ದರೆ ಈ ನೀರನ್ನು ಬಿಡಬೇಕು. ಇಷ್ಟೇ ವಿಷಯ. ಆದರೆ ನೀರಿನ ಮೇಲೆ ತೇಲುವುದು ಬಿಟ್ಟು ಅಪ್ಪನಿಗೆ ಬರುವುದಾದರೂ ಏನು?

ಆ ವರ್ಷ ದಡದಲ್ಲಿ ಒಂದು ವಸತಿಗೃಹ ಎದ್ದಿತ್ತು. ಬಿಳಿ ಬಣ್ಣದ ಮರದ ಕಟ್ಟಡ, ಉದ್ದನೆಯ ಜಗಲಿ, ಜಗಲಿಯುದ್ದಕ್ಕೂ ಬೆತ್ತದ ಕುರ್ಚಿಗಳು. ದೂರದ ಪಟ್ಟಣಗಳಿಂದ ಜನ ಬಂದು ಆ ಕುರ್ಚಿಗಳಲ್ಲಿ ಕೂತು, ಹೊತ್ತು ಮುಳುಗುವವರೆಗೂ ನೀರು ನೋಡಿ, ಎದ್ದು ಊಟಕ್ಕೆ ಹೋಗುತ್ತಿದ್ದರು. ಊರಿಗೆ ಇದು ಒಗಟು. "ಅಷ್ಟೂ ಕುರ್ಚಿ ನೀರಿನ ಕಡೆಗೇ ಹಾಕಿದ್ದಾರಲ್ಲ, ನೀರೇನಾದ್ರೂ ಭಾಷಣ ಮಾಡುತ್ತಾ?" ಎಂದಿದ್ದಳು ಜರಡಿ ಅಕ್ಕ.

ಒಂದು ಸಂಜೆ ಆ ವಸತಿಗೃಹದ ಯಜಮಾನಿಯೇ ಕೊಡೆ ಹಿಡಿದುಕೊಂಡು ದಡಕ್ಕೆ ಬಂದಳು. ಅಪ್ಪ ದೋಣಿಯಿಂದಿಳಿದು ಕೈ ಒರೆಸಿಕೊಂಡ. ಕಿಟಕಿ ದೋಣಿಯ ಹಿಂದೆ ಸರಿದಳು.

"ನೋಡಿ, ಭಾನುವಾರ ನಮ್ಮ ಅತಿಥಿಗಳನ್ನ ಸ್ವಲ್ಪ ಹೊತ್ತು ತೇಲಿಸ್ಕೊಂಡು ಬರ್ತೀರಾ? ತೇಲ್ಬೇಕು ಅಂತ ತುಂಬಾ ಆಸೆ ಅವರಿಗೆ."

ಅಪ್ಪ ಅನುಮಾನದಿಂದ ನೋಡಿದ. "ತೇಲೋಕೆ ಬರುತ್ತಾ ಅವರಿಗೆ?"

"ಬರೋದೇನು, ಕೂತ್ರೆ ಆಯ್ತಲ್ಲ."

"ಕೂತ್ರೆ ಆಗಲ್ಲ ಅಮ್ಮಾವ್ರೇ, ತೋಳಲ್ಲಿ ಬಲ ಇರ್ಬೇಕು."

"ನಿಮ್ಮ ತೋಳಲ್ಲಿದ್ರೆ ಸಾಕು ಬಿಡಿ," ಎಂದು ಯಜಮಾನಿ ನಕ್ಕಳು. "ಅವರಿಗೆ ಹಿಡಿಸ್ತು ಅಂದ್ರೆ ಈ ಕೆಲಸ ಖಾಯಂ ನಿಮ್ಮದೇ."

ಅವಳು ಹೋದ ಮೇಲೆ ಅಪ್ಪ ಮರುಗಿದ. "ಪಾಪ, ಆ ಅತಿಥಿಗಳಿಗೆ ಈ ವಯಸ್ಸಲ್ಲಿ ಕೆಲಸ ಕಲೀಬೇಕಾಗಿ ಬಂದಿದೆ ನೋಡು. ದೊಡ್ಡವರ ಕಷ್ಟ ಹೊರಗೆ ಕಾಣಲ್ಲ. ಚೆನ್ನಾಗಿ ಕಲಿಸೋಣ." ಕಿಟಕಿಯೂ ತಲೆಯಾಡಿಸಿದಳು. ಅವಳು ಹುಟ್ಟಿದಂದಿನಿಂದ ತೇಲುವುದು ಎಂದರೆ ಒಂದೇ ಅರ್ಥ. ಅಪ್ಪನ ಕೊಕ್ಕೆಗಳನ್ನು ಅವಳೇ ಮರಳಿನಲ್ಲಿ ತಿಕ್ಕಿ ಬೆಳಗಿದಳು.

ಭಾನುವಾರ ದೋಣಿಗೆ ನಾಲ್ವರು ಹತ್ತಿದರು. ಒಬ್ಬರು ನಿವೃತ್ತ ನ್ಯಾಯಾಧೀಶರು, ತಲೆಯ ಮೇಲೆ ಹುಲ್ಲಿನ ಟೋಪಿ. ಇನ್ನೊಬ್ಬರು ಅವರ ಅಕ್ಕ, ತಮ್ಮನ ಯಾವ ತೀರ್ಪನ್ನೂ ಒಪ್ಪದವರು. ಜೊತೆಗೆ ಹೊಸದಾಗಿ ಮದುವೆಯಾದ ಗಂಡ ಹೆಂಡತಿ. ಕಿಟಕಿ ದೋಣಿಯ ಹಿಂತುದಿಯಲ್ಲಿ ಮುದುಡಿ ಕೂತಳು. ಅಪ್ಪ ಹುಟ್ಟು ಹಾಕಿ ದೋಣಿಯನ್ನು ನಡುನೀರಿಗೆ ತಂದು, ಗಾಳಿಗೆ ಅಡ್ಡ ತಿರುಗಿಸಿ, ಸಲಾಕೆಯನ್ನು ಮೆಲ್ಲಗೆ ಇಳಿಬಿಟ್ಟ.

ಆಮೇಲೆ ಸ್ವಲ್ಪ ಹೊತ್ತು ಎಲ್ಲ ಚೆನ್ನಾಗಿತ್ತು. ದೋಣಿ ಚಲಿಸುತ್ತಿದೆಯೆಂದು ಹೇಳಲಿಕ್ಕೂ ಆಗದಷ್ಟು ನಿಧಾನ. ದಡದ ಮರಗಳೇ ನಿದ್ದೆಗಣ್ಣಿನಲ್ಲಿ ಎದ್ದು ಒಂದೊಂದು ಹೆಜ್ಜೆ ನಡೆದು ಹೋದಂತೆ ಕಾಣುತ್ತಿತ್ತು. ನೀರು ಆಗ ಹಾಲಿನಿಂದ ಮೋಡಕ್ಕೆ ತಿರುಗುವ ಹೊತ್ತು. ನವವಧು ಗಂಡನ ಕಿವಿಯಲ್ಲಿ, "ಇಷ್ಟು ನಿಧಾನವಾಗಿ ನಾನು ಎಲ್ಲಿಗೂ ಹೋಗೇ ಇಲ್ಲ," ಎಂದದ್ದು ಕಿಟಕಿಗೆ ಕೇಳಿಸಿತು.

ಅಷ್ಟರಲ್ಲಿ ಅಪ್ಪ ಹಗ್ಗದ ತುದಿಯನ್ನು ನ್ಯಾಯಾಧೀಶರ ಕೈಗೆ ಕೊಟ್ಟ. "ಹೂಂ, ಎಳೀರಿ."

"ಏನನ್ನ?"

"ಮೊದಲು ಎಳೀರಿ ಸ್ವಾಮಿ, ಆಮೇಲೆ ನೋಡಿ. ಹಂಗಲ್ಲ, ಸೊಂಟದಿಂದ! ಬೆಳಿಗ್ಗೆ ತಿಂಡಿ ತಿಂದಿಲ್ವಾ? ಏನ್ ತಾಯಿ, ಸುಮ್ನೆ ಕೂತಿದ್ದೀರಲ್ಲ, ನೀವೂ ಕೈ ಹಾಕಿ."

ಹೇಗೆ ಏನು ಎಂದು ತಿಳಿಯುವ ಮೊದಲೇ ನಾಲ್ವರೂ ಎಳೆದರು. ಸಲಾಕೆ ಮೇಲೆ ಬಂತು, ಜೊತೆಗೆ ಒಂದು ಹೊರೆ ಕೆಸರು. ನವವಧುವಿನ ತಿಳಿ ಬಣ್ಣದ ಉಡುಪು ಸೊಂಟದಿಂದ ಕೆಳಗೆ ಕಪ್ಪಾಯಿತು. ಒಂದು ಕೊಕ್ಕೆ ನ್ಯಾಯಾಧೀಶರ ಟೋಪಿಯನ್ನು ಎತ್ತಿಕೊಂಡಿತು. ಇನ್ನೊಂದು ಕೊಕ್ಕೆಗೆ ಒಂದೇ ಒಂದು ಬಡಕಲು ಚಿಪ್ಪು ಕಚ್ಚಿಕೊಂಡಿತ್ತು.

"ಪರವಾಗಿಲ್ಲ, ಮೊದಲನೇ ಸಲಕ್ಕೆ," ಎಂದ ಅಪ್ಪ, ಟೋಪಿ ಬಿಡಿಸಿ ಕೊಡುತ್ತ. "ಇನ್ನೊಂದ್ಸಲ ಬಿಡೋಣ."

"ಏನ್ರೀ ಇದು ಅನ್ಯಾಯ!" ನ್ಯಾಯಾಧೀಶರ ದನಿ ನಡುಗುತ್ತಿತ್ತು. "ನಾವು ತೇಲೋಕೆ ಬಂದವರು!"

"ಮತ್ತೆ ಇದೇನು, ಹಾರೋದಾ?"

ನ್ಯಾಯಾಧೀಶರ ಅಕ್ಕ ಗೊಳ್ಳೆಂದು ನಕ್ಕರು. ಬೇರಾರೂ ನಗಲಿಲ್ಲ. ಕಿಟಕಿಗೆ ಆಗ ಹೊಳೆಯಿತು. ಈ ಮಾತಿಗೆ ದಡದ ಆಚೆ ಬೇರೊಂದು ಅರ್ಥವಿದೆ; ಅಲ್ಲಿ ತೇಲುವುದೆಂದರೆ ಏನೂ ಮಾಡದಿರುವುದು. ಒಂದು ಮಾತು ಹೇಳಿದ್ದರೆ ಅಪ್ಪ ಅಲ್ಲೇ ನಿಲ್ಲಿಸುತ್ತಿದ್ದ. ಅವಳು ಮುಖ ತಿರುಗಿಸಿ ನೀರನ್ನು ನೋಡಿದಳು. ಅಪ್ಪ ಸಲಾಕೆಯನ್ನು ಇನ್ನೊಮ್ಮೆ ನೀರಿಗೆ ಬಿಟ್ಟೇಬಿಟ್ಟ.

ದಡದಲ್ಲಿ ಯಜಮಾನಿ ಕಾದಿದ್ದಳು. "ನಮ್ಮ ಅತಿಥಿಗಳನ್ನ ಕೂಲಿಗೆ ಹಚ್ಚಿದ್ರಾ?"

"ತೇಲಿಸಿ ಅಂದ್ರಿ, ತೇಲಿಸ್ದೆ."

"ಸಾಕು ಮಹರಾಯ್ರೇ. ಬೇರೆ ಯಾರನ್ನಾದ್ರೂ ಕರೆಸ್ಕೋತೀನಿ."

ಮನೆಗೆ ಬಂದ ಅಪ್ಪ ಚಪ್ಪಲಿಯನ್ನು ಬಾಗಿಲಲ್ಲೇ ಎಸೆದ. "ಏನೂ ಹಿಡೀಬಾರ್ದು, ಏನೂ ತರಬಾರ್ದು, ಎಲ್ಲಿಗೂ ಹೋಗಬಾರ್ದು. ಹೋದ ಪುಟ್ಟ ಬಂದ ಪುಟ್ಟ! ಇದಕ್ಕೊಂದು ದೋಣಿ ಬೇರೆ ಬೇಕಾ? ಸಾಮಾನು ಕಟ್ಟು ಮಗಳೇ, ಹೊಳೆಗೇ ಹೋಗೋಣ."

ಕಿಟಕಿ ಪಾತ್ರೆಗಳನ್ನು ಗೋಣಿಗೆ ತುಂಬತೊಡಗಿದಳು. ಕಾರ್ಖಾನೆಯಲ್ಲೂ ಒಂದೊಂದೇ ಯಂತ್ರ ಬಿಚ್ಚುತ್ತಿದ್ದರು. ಕೊರೆಯುವ ಕೋಣೆಯ ಸದ್ದು ನಿಂತು, ಗೋಡೆಗಳಿಂದ ಬಿಳಿ ಪುಡಿ ತಾನಾಗಿ ಉದುರುತ್ತಿತ್ತು. ಮೇಜು ಮೇಜಿಗೂ ಜರಡಿ ಅಕ್ಕ ಹುರಿಹಗ್ಗ ಸುತ್ತುತ್ತಿದ್ದಳು. ಕಿಟಕಿ ತನ್ನ ಕಪ್ಪು ಬಟ್ಟೆಯನ್ನು ಕೊಡವಿ ಮಡಿಸುವಾಗ ಹೊರಗೆ ನೀರು ಸಂಜೆಯಾಗುತ್ತಿತ್ತು. ಮಡಿಸಿದ ಬಟ್ಟೆಯನ್ನು ಅಲ್ಲೇ ಬಿಟ್ಟು ಅವಳು ಎದ್ದು ನಡೆದಳು. ಇಷ್ಟು ನಿಧಾನವಾಗಿ ಎಲ್ಲಿಗೂ ಹೋಗೇ ಇಲ್ಲ ಎಂದಿದ್ದಳಲ್ಲ ದೋಣಿಯಲ್ಲಿ ಆ ನವವಧು, ಅದು ದೂರಿದ್ದಲ್ಲ. ಅವಳ ದನಿಯಲ್ಲಿ ಬೇರೇನೋ ಇತ್ತು.

ವಸತಿಗೃಹದ ನೆಲ ಎಷ್ಟು ನುಣುಪಾಗಿತ್ತೆಂದರೆ, ಚಿಪ್ಪಿನ ಬೀದಿಗೆ ಒಗ್ಗಿದ ಅವಳ ಕಾಲಿಗೆ ತನ್ನ ಸದ್ದೇ ಕೇಳದೆ ಗಾಬರಿಯಾಯಿತು. ತಾನು ಬಂದಿದ್ದೇನೋ ಇಲ್ಲವೋ ಎನ್ನಿಸಿತು. ಯಜಮಾನಿ ಹೂದಾನಿಗೆ ನೀರು ಹಾಕುತ್ತಿದ್ದಳು.

"ಯಾರಮ್ಮಾ? ಅವತ್ತು ದೋಣೀಲಿ ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ದವಳಲ್ವಾ?"

"ಹೂಂ."

"ಏನು?"

"ತಪ್ಪು ಅಪ್ಪಂದಲ್ಲ."

"ಜೋರಾಗಿ ಹೇಳು, ನಂಗೆ ಕೇಳಿಸ್ತಿಲ್ಲ."

ಕಿಟಕಿ ಹೂದಾನಿಯನ್ನೇ ನೋಡುತ್ತ, ನೀರಿಗಿಳಿದ ಮೇಲೆ ಚಳಿಯೇನು ಎಂದುಕೊಂಡಳು. "ತಪ್ಪು ಅಪ್ಪಂದೂ ಅಲ್ಲ, ನಿಮ್ಮದೂ ಅಲ್ಲ. ಮಾತಿಂದು. ನಮ್ಮಲ್ಲಿ ತೇಲೋದು ಅಂದ್ರೆ ದುಡಿಯೋದು. ನೀವು ದುಡಿಸಿ ಅಂದ್ರಿ ಅಂದ್ಕೊಂಡ್ವಿ. ಇನ್ನೊಂದೇ ಒಂದು ಸಲ ಕಳಿಸಿ. ಕೊಕ್ಕೆ ಇರಲ್ಲ. ಯಾರೂ ಏನೂ ಎಳೆಯೋ ಹಾಗಿಲ್ಲ."

ಇಷ್ಟು ಮಾತನ್ನು ಅವಳು ಒಟ್ಟಿಗೆ ಆಡಿದ್ದು ಅದೇ ಮೊದಲು. ಯಜಮಾನಿ ಏನೋ ಹೇಳುವ ಮೊದಲು ಜಗಲಿಯ ಕುರ್ಚಿಯೊಂದರಿಂದ ನ್ಯಾಯಾಧೀಶರ ಅಕ್ಕನ ದನಿ ಬಂತು: "ಕಳಿಸಿ, ನಾನು ಹೋಗ್ತೀನಿ. ನನ್ನ ತಮ್ಮ ಕೈ ಕೆಸರು ಮಾಡ್ಕೊಂಡಿದ್ದು ಹುಟ್ಟಿದ ಮೇಲೆ ಅವತ್ತೇ. ಅವನನ್ನೂ ಕರ್ಕೊಂಡು ಹೋಗ್ತೀನಿ."

"ಭಾನುವಾರ," ಎಂದಳು ಯಜಮಾನಿ. "ಒಂದೇ ಸಲ. ಅವತ್ತೂ ಹಾಗೇ ಆದ್ರೆ ಮತ್ತೆ ಈ ಕಡೆ ಬರಬೇಡಿ."

ಅಪ್ಪನನ್ನು ಒಪ್ಪಿಸುವುದು ಅದಕ್ಕಿಂತ ದೊಡ್ಡ ಕೆಲಸವಾಯಿತು. ಕಡೆಗೆ, "ನಿನ್ನ ಬಾಯಿಂದ ಇಷ್ಟು ಮಾತು ಹೊರಟಿದೆ ಅಂದ್ಮೇಲೆ ಏನೋ ಇರ್ಬೇಕು," ಎಂದು ದೋಣಿ ನೀರಿಗೆ ತಳ್ಳಿದ. ಸಲಾಕೆಯನ್ನು ದಡದಲ್ಲೇ ಬಿಟ್ಟು ಇಬ್ಬರೂ ನಡುನೀರಿಗೆ ಹೋಗಿ ದೋಣಿಯನ್ನು ಅಡ್ಡ ನಿಲ್ಲಿಸಿದರು. ಗಾಳಿ ಬೀಸಿದ್ದೇ ತಡ, ದೋಣಿ ಹಗ್ಗ ಕಿತ್ತ ಕರುವಿನಂತೆ ಓಡಿತು. ಬುಗುರಿಯ ಹಾಗೆ ತಿರುಗಿ, ಜೊಂಡಿನೊಳಗೆ ನುಗ್ಗಿ, ಒಂದು ಬಾತುಕೋಳಿಯ ಸಂಸಾರವನ್ನೇ ಎಬ್ಬಿಸಿ ನಿಂತಿತು.

ಅಪ್ಪ ಜೊಂಡಿನ ನಡುವೆ ಕೂತು ನಗುತ್ತಲೇ ಇದ್ದ. "ಸುಮ್ನಿರೋಕೆ ದೋಣಿಗೂ ಬರಲ್ಲ ನೋಡು! ತಳದಲ್ಲಿ ಭಾರ ಎಳೀತಿದ್ರೆ ಮಾತ್ರ ಅದು ನೆಟ್ಟಗಿರೋದು."

ಕಿಟಕಿ ಅಪ್ಪನ ಮುಖವನ್ನೇ ನೋಡಿದಳು. ಹಾಗಾದರೆ ಆ ನಿಧಾನ ದೋಣಿಯದಲ್ಲ, ಗಾಳಿಯದಲ್ಲ; ಸಲಾಕೆಯದು. "ಅಪ್ಪಾ, ಸಲಾಕೆ ಇರಲಿ. ಕೊಕ್ಕೆ ಮಾತ್ರ ಬಿಚ್ಚೋಣ."

ಅಪ್ಪನ ನಗು ನಿಂತಿತು. ದಡಕ್ಕೆ ಬಂದು, ಸಲಾಕೆಯನ್ನು ತೊಡೆಯ ಮೇಲಿಟ್ಟುಕೊಂಡು, ಇಕ್ಕಳ ಕೈಗೆತ್ತಿಕೊಂಡ. ಅವನ ಅಪ್ಪ ಬಾಗಿಸಿದ ಕೊಕ್ಕೆಗಳೂ ಅದರಲ್ಲಿದ್ದವು. ಒಂದೊಂದನ್ನೇ ಬಿಡಿಸಿದ. ಕೊನೆಯದನ್ನು ಬಿಡಿಸಿ ಬರಿದಾದ ಕಬ್ಬಿಣದ ಮೇಲೆ ಅಂಗೈ ಎಳೆದು, "ಬೋಳಾಯ್ತು," ಎಂದ. ಮಗಳು ಆ ಕಡೆ ತಿರುಗಿಕೊಂಡಳು.

ಆ ಬೋಳು ಸಲಾಕೆಯೊಂದಿಗೆ ಮತ್ತೆ ಹೋದಾಗ ದೋಣಿ ಮೊದಲಿನಂತೆಯೇ ನಡೆಯಿತು, ಕನಸು ಮಗ್ಗುಲು ಬದಲಿಸಿದ ಹಾಗೆ. ಆದರೆ ಅಪ್ಪನ ಕೈ ಸುಮ್ಮನಿರಲಿಲ್ಲ. ಅಭ್ಯಾಸಬಲ, ಸ್ವಲ್ಪ ಹೊತ್ತಾದರೆ ಸಾಕು, ಹಗ್ಗವನ್ನು ತಾನಾಗಿ ಎಳೆದುಬಿಡುವುದು, ದೋಣಿ ಜಗ್ಗುವುದು.

"ಅಪ್ಪಾ, ಭಾನುವಾರ ಹಗ್ಗ ನಾನು ಹಿಡೀತೀನಿ. ನೀನು ಅವರ ಜೊತೆ ಕೂತ್ಕೋ."

"ನಾನಾ? ಕೂತು ಏನ್ ಮಾಡ್ಲಿ?"

"ಏನೂ ಮಾಡ್ಬೇಡ."

"ಅದ್ಹೇಗೆ ಮಾಡೋದು?"

ಭಾನುವಾರ ಅದೇ ನಾಲ್ವರು ಬಂದರು. ನವವಧು ಈ ಸಲ ಕಪ್ಪು ಉಡುಪಿನಲ್ಲಿ ಬಂದಿದ್ದಳು, ಯಾವುದಕ್ಕೂ ಇರಲಿ ಎಂದು. ನ್ಯಾಯಾಧೀಶರು ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. ಅಪ್ಪ ಅವರ ಎದುರಿಗೆ, ಮೊಣಕಾಲಿನ ಮೇಲೆ ಕೈಯಿಟ್ಟುಕೊಂಡು, ಕಟಕಟೆಯಲ್ಲಿ ನಿಂತವನ ಹಾಗೆ ಕೂತ. ಕಿಟಕಿ ದೋಣಿಯನ್ನು ಅಡ್ಡ ತಿರುಗಿಸಿ ಸಲಾಕೆ ಇಳಿಬಿಟ್ಟಳು. ಜರಡಿ ಅಕ್ಕ ಹೋಗುವ ಕಾರ್ಖಾನೆಯ ಗಾಡಿಗಳು ಮಾರನೆಯ ಬೆಳಿಗ್ಗೆ ಹೊರಡುವುದಿತ್ತು. ಅವುಗಳಲ್ಲಿ ಒಂದರ ಮೇಲೆ ಅವಳ ಪಾತ್ರೆಯ ಗೋಣಿಯೂ ಏರಿಯಾಗಿತ್ತು.

"ಹಗ್ಗ ಸಡಿಲ ಬಿಟ್ಟಿದ್ದೀಯ," ಎಂದ ಅಪ್ಪ.

"ಇರಲಿ."

"ಗಾಳಿ ತಿರುಗ್ತಿದೆ."

"ತಿರುಗಲಿ ಅಪ್ಪಾ."

"ಯಜಮಾನ್ರೇ," ಎಂದರು ನ್ಯಾಯಾಧೀಶರ ಅಕ್ಕ, "ನನ್ನ ತಮ್ಮನೂ ಹೀಗೇ. ಕೆಲಸ ಬಿಟ್ಟು ವರ್ಷಗಳಾಯ್ತು, ಇವತ್ತಿಗೂ ಊಟಕ್ಕೆ ಕೂತ್ರೆ ಮೇಜು ಗುದ್ದಿ ಆರ್ಡರ್ ಆರ್ಡರ್ ಅಂತಾನೆ."

ಅಪ್ಪ ನ್ಯಾಯಾಧೀಶರನ್ನು ನೋಡಿದ. ನ್ಯಾಯಾಧೀಶರು ಅಪ್ಪನನ್ನು ನೋಡಿದರು. ಇಬ್ಬರೂ ಏನೋ ಒಪ್ಪಂದಕ್ಕೆ ಬಂದವರಂತೆ ನೀರಿನ ಕಡೆ ತಿರುಗಿದರು.

ಮರಗಳು ನಡೆಯತೊಡಗಿದವು. ವಸತಿಗೃಹದ ಬಿಳಿ ಜಗಲಿ ನಡೆಯಿತು, ಕಾರ್ಖಾನೆಯ ಹೊಗೆಯಿಲ್ಲದ ಕೊಳವೆ ನಡೆಯಿತು. ಇಡೀ ಊರು ಯಾರನ್ನೂ ಎಬ್ಬಿಸದ ಹಾಗೆ ಬರಿಗಾಲಲ್ಲಿ ಹಾದುಹೋಗುತ್ತಿತ್ತು. ನೀರು ಹಾಲಾಯಿತು, ಮೋಡವಾಯಿತು, ಆಮೇಲೆ ಅವಳು ಯಾವ ಗುಂಡಿಯಲ್ಲೂ ಕಾಣದ, ಇನ್ನೂ ಹೆಸರಿಡದ ಒಂದು ಬಣ್ಣವಾಯಿತು. ಟೋಪಿಯನ್ನು ನ್ಯಾಯಾಧೀಶರು ಯಾವಾಗ ಪಕ್ಕಕ್ಕಿಟ್ಟರೋ. ಗಂಡ ಹೆಂಡತಿ ಬೆರಳುಗಳನ್ನು ನೀರಲ್ಲಿ ಇಳಿಬಿಟ್ಟಿದ್ದರು. ಅಪ್ಪ ಎರಡು ಸಲ ಬಾಯಿ ತೆರೆದ, ಎರಡು ಸಲವೂ ಮುಚ್ಚಿದ. ಮೂರನೆಯ ಸಲ ತೆರೆದ ಬಾಯಿ ಹಾಗೇ ಉಳಿಯಿತು. ಗೊರಕೆ ಕೇಳಿಸಿತು.

ಹಗಲು ಹೊತ್ತಿನಲ್ಲಿ ಅಪ್ಪ ನಿದ್ದೆ ಮಾಡಿದ್ದನ್ನು ಕಿಟಕಿ ಎಂದೂ ಕಂಡಿರಲಿಲ್ಲ. ಅವನ ಹೆಗಲುಗಳು ಇಷ್ಟು ಕೆಳಗೆ ಇಳಿಯಬಲ್ಲವು ಎಂಬುದೂ ಅವಳಿಗೆ ಗೊತ್ತಿರಲಿಲ್ಲ.

ದಡದಲ್ಲಿ ಯಜಮಾನಿ ಕೊಡೆ ಬೀಸಿ ಹೊತ್ತಾಯಿತೆಂದು ಕೂಗಿದಳು. ನ್ಯಾಯಾಧೀಶರು ತುಟಿಯ ಮೇಲೆ ಬೆರಳಿಟ್ಟು, ಮಲಗಿದ್ದವನ ಕಡೆ ತೋರಿಸಿದರು. ದೋಣಿ, ಇಳಿಯಬೇಕಿದ್ದ ಕಟ್ಟೆಯ ಮುಂದೆಯೇ ಅಡ್ಡಡ್ಡವಾಗಿ, ನಿಲ್ಲದೆ, ದಾಟಿಹೋಯಿತು. ಯಜಮಾನಿ ಸ್ವಲ್ಪ ದೂರ ದಡದ ಮೇಲೆ ಅದರ ಜೊತೆಗೇ ನಡೆದಳು. ಆಮೇಲೆ ಕೊಡೆ ಮಡಚಿ ಒಂದು ಕಲ್ಲಿನ ಮೇಲೆ ಕೂತು ನೋಡತೊಡಗಿದಳು.

ಅಪ್ಪ ಎಚ್ಚರಗೊಂಡದ್ದು ದೋಣಿಯ ಮೂಗು ಮರಳಿಗೆ ತಾಗಿದಾಗ. ಗಡಬಡಿಸಿ ಎದ್ದು, ಕಣ್ಣುಜ್ಜಿ, "ಎಷ್ಟು ಸಿಕ್ತು?" ಎಂದ.

ಎಲ್ಲರೂ ನಕ್ಕರು, ನ್ಯಾಯಾಧೀಶರೂ. ಯಜಮಾನಿ ಹತ್ತಿರ ಬಂದು ಕಿಟಕಿಯನ್ನು ಕೇಳಿದಳು, "ನಾಳೆಯಿಂದ ದಿನಾ ಬರ್ತೀಯಾ?"

"ಬರ್ತೀನಿ," ಎಂದಳು ಕಿಟಕಿ. ಕೇಳಿಸುವಂತೆಯೇ ಅಂದಳು.

"ಇವರನ್ನೂ ಕರ್ಕೊಂಡು ಬಾ. ಎದುರಿಗೆ ಒಬ್ಬರು ಹಾಗೆ ನಿದ್ದೆ ಮಾಡ್ತಿದ್ರೆ ಉಳಿದವರಿಗೆ ಧೈರ್ಯ ಬರುತ್ತೆ. ಇವರಿಗೂ ಸಂಬಳ ಉಂಟು."

ಅಪ್ಪನಿಗೆ ಅವಮಾನವಾಯಿತು. ಮನೆಯ ದಾರಿಯುದ್ದಕ್ಕೂ ಗೊಣಗಿದ. "ನಿದ್ದೆ ಮಾಡೋದಕ್ಕೆ ಸಂಬಳ ಅಂತೆ! ನಾಲ್ಕು ಜನ ಕೇಳಿದ್ರೆ ಏನಂತಾರೆ? ನಮ್ಮಪ್ಪ ಇದ್ದಿದ್ರೆ ಹುಟ್ಟಲ್ಲಿ ಹೊಡೀತಿದ್ದ. ನಾನಂತೂ ಬರಲ್ಲಪ್ಪಾ."

ಮಗಳು ದಾರಿಯಲ್ಲಿದ್ದ ಕಾರ್ಖಾನೆಯ ಅಂಗಳಕ್ಕೆ ಹೋಗಿ, ಗಾಡಿಯ ಮೇಲಿಂದ ಪಾತ್ರೆಯ ಗೋಣಿಯನ್ನು ಕೆಳಗಿಳಿಸಿದಳು. ಅಪ್ಪ ಅದರ ಇನ್ನೊಂದು ತುದಿಗೆ ಕೈ ಹಾಕಿದ. ಇಬ್ಬರೂ ಅದನ್ನು ನಡುವೆ ಹಿಡಿದುಕೊಂಡು ಬಿಳಿ ಬೀದಿಯಲ್ಲಿ ಕರಕರ ಸದ್ದು ಮಾಡುತ್ತ ನಡೆದರು. ಮನೆಯ ತಿರುವಿನಲ್ಲಿ ಅಪ್ಪ ಗೋಣಿ ಇಳಿಸಿ ಬೆವರು ಒರೆಸಿಕೊಂಡು, ಎತ್ತಲೋ ನೋಡುತ್ತ ಕೇಳಿದ:

"ಎಷ್ಟು ಹೊತ್ತಿಗೆ ಬರ್ಬೇಕಂತೆ?"